ಕಂಪಲಾಪುರದ ತಳವಿಲ್ಲದ ಚೀಲ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದ ಹೊರಗೆ, ಕೆರೆ ಏರಿಯ ಮೇಲೆ ಮಂಜು ಕುಳಿತುಬಿಟ್ಟಿದೆ. ಏಳುವ ಮನಸ್ಸಿದ್ದಂತೆ ಕಾಣುವುದಿಲ್ಲ. ಅದರೊಳಗಿಂದ ಮೊದಲು ಒಂದು ಬೀಡಿಯ ಕಿಡಿ ಕಾಣಿಸುತ್ತದೆ. ಆಮೇಲೆ ನೆಟ್ಟಗೆ ನಿಂತ ಬಿದಿರು ಗಳ. ಗಳದ ತುದಿಯಲ್ಲಿ ಒಂದು ಕಬ್ಬಿಣದ ಬಳೆ, ಬಳೆಯಿಂದ ಜೋತುಬಿದ್ದ ಹನ್ನೆರಡು ಅಡಿ ಉದ್ದದ ಬಟ್ಟೆ. ಒಂದು ಪಟ್ಟೆ ಕಿತ್ತಳೆ, ಒಂದು ಪಟ್ಟೆ ಬಿಳಿ. ಯಾರೋ ದೈತ್ಯನ ಷರಾಯಿಯ ಒಂದೇ ಕಾಲನ್ನು ಒಣಹಾಕಿದ ಹಾಗಿದೆ.

"ಇನ್ನೊಂದು ದಮ್ ಎಳೀರಿ," ಎನ್ನುತ್ತದೆ ಮಂಜಿನೊಳಗಿನ ಹೆಣ್ಣು ದನಿ.

ಗಳ ಹಿಡಿದು ನಿಂತಿರುವ ನಂಜಣ್ಣ ಹೇಳಿದ ಮಾತು ಕೇಳುವ ಗಂಡನಂತೆ ಬೀಡಿ ಎಳೆದು ಹೊಗೆ ಬಿಡುತ್ತಾರೆ. ಹೊಗೆ ನಿಧಾನವಾಗಿ ರಸ್ತೆಯ ಕಡೆಗೆ ಹೊರಳುತ್ತದೆ. ಅದರ ಹಿಂದೆಯೇ ಬಟ್ಟೆಯ ಬಾಯಿ ಅರೆನಿದ್ದೆಯಲ್ಲಿ ಮಗ್ಗುಲು ಬದಲಿಸುವಂತೆ ಕೆರೆಯ ಕಡೆಗೆ ತಿರುಗುತ್ತದೆ. ಮೊದಲ ಕಿತ್ತಳೆ ಪಟ್ಟೆ ಗಾಳಿ ಕುಡಿದು ಉಬ್ಬಿ ಅಡ್ಡಲಾಗಿ ನಿಲ್ಲುತ್ತದೆ. ಉಳಿದ ನಾಲ್ಕು ಪಟ್ಟೆಗಳು ಜೋತುಬಿದ್ದೇ ಇರುತ್ತವೆ.

"ಆಯ್ತು ಬುಡಿ, ಇದು ಏಳ್ತದೆ," ಎಂದು ಏರಿಯ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದ ಅವರ ಹೆಂಡತಿ ಜಯಲಕ್ಷ್ಮಮ್ಮ ಎದ್ದು ಸೆರಗು ಕೊಡವುತ್ತಾರೆ. ನಂಜಣ್ಣ ನನ್ನ ಕಡೆ ತಿರುಗಿ ಬೀಡಿ ತೋರಿಸುತ್ತಾರೆ. "ಊರೋರೆಲ್ಲ ಬೀಡಿ ಬುಡು ಬುಡು ಅಂತಾರೆ ಸಾರ್. ಎಂಗ್ ಬುಡಾನ? ನಾನ್ ಬೀಡಿ ಬುಟ್ರೆ ಕೇರಳದಲ್ಲಿ ಇಮಾನ ಇಳಿಯಾಕಿಲ್ಲ ಕಣ್ರೀ!"

ತಮಾಷೆಯ ಮಾತಾದರೂ ಅದರಲ್ಲಿ ಸುಳ್ಳು ಕಡಿಮೆ. ವಿಮಾನ ನಿಲ್ದಾಣಗಳ ರನ್‌ವೇ ಪಕ್ಕದಲ್ಲಿ ಕಂಬದ ಮೇಲೆ ಹಾರಾಡುವ ಗಾಳಿಚೀಲವನ್ನು ನೀವು ನೋಡಿರಬಹುದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಷ್ಟು ಜೋರಾಗಿದೆ ಎಂಬುದನ್ನು ಅದು ಪೈಲಟ್‌ಗೆ ದೂರದಿಂದಲೇ ಹೇಳುತ್ತದೆ. ಒಂದು ಪಟ್ಟೆ ಎದ್ದರೆ ಮಂದ ಗಾಳಿ, ಐದೂ ಎದ್ದು ಚೀಲ ನೆಟ್ಟಗೆ ಮಲಗಿದರೆ ಬಿರುಸಿನ ಗಾಳಿ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಘಟ್ಟದ ಕೆಳಗೆ, ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ ಕೇರಳದ ಒಂದು ವಿಮಾನ ನಿಲ್ದಾಣದಲ್ಲಿ ಹನ್ನೆರಡು ವರ್ಷಗಳಿಂದ ಹಾರುತ್ತಿರುವ ಗಾಳಿಚೀಲಗಳೆಲ್ಲ ಈ ಊರಿನಲ್ಲಿ, ಈ ಹೆಂಗಸಿನ ಕೈಯಲ್ಲಿ ಹೊಲಿದಂಥವು. ನಿಲ್ದಾಣದ ಹೆಸರು ಬರೆಯಬೇಡಿ ಎಂದು ಅಲ್ಲಿನವರು ಕೇಳಿಕೊಂಡಿದ್ದಾರೆ. ಬರೆಯುವುದಿಲ್ಲ, ಹೆಸರಿಲ್ಲದೆ ಇರುವುದು ಹೇಗಿರುತ್ತದೆಂದು ಅದಕ್ಕೂ ಒಂದು ಭಾನುವಾರದ ಪುರವಣಿಯಲ್ಲಿ ಗೊತ್ತಾಗಲಿ.

ಐವತ್ತೊಂದು ವರ್ಷದ ಜಯಲಕ್ಷ್ಮಮ್ಮ ಹುಟ್ಟಿದ್ದು ಕೆ.ಆರ್. ನಗರದ ಕಡೆಯ ಭೇರ್ಯದಲ್ಲಿ. ನಾಲ್ಕನೇ ಕ್ಲಾಸಿನವರೆಗೆ ಓದಿ, ಹದಿನೇಳಕ್ಕೆ ಮದುವೆಯಾಗಿ ಕಂಪಲಾಪುರಕ್ಕೆ ಬಂದರು. ತವರಿನಲ್ಲಿ ನಾಲೆ ನೀರು, ಇಲ್ಲಿ ಮಳೆ ನಂಬಿದ ಎರಡು ಎಕರೆಯಲ್ಲಿ ಹೊಗೆಸೊಪ್ಪು ಮತ್ತು ರಾಗಿ. ಬಂದ ವರ್ಷವೇ ಅತ್ತೆ ರಾಮಮ್ಮ ಕೈಗೆ ದಬ್ಬಳ ಕೊಟ್ಟರಂತೆ. ಹದಗೊಳಿಸಿದ ಹೊಗೆಸೊಪ್ಪನ್ನು ಹರಾಜಿಗೆ ಒಯ್ಯಲು ಗೋಣಿತಟ್ಟಿನ ಚೀಲ ಬೇಕು. ಆ ಚೀಲ ಹೊಲಿಯುವುದೇ ಈ ಮನೆಯ ಹೆಂಗಸರ ಕಸುಬು.

"ಮೊದಮೊದ್ಲು ಬೆಳ್ಳೆಲ್ಲ ತೂತಾಗವು. ನಮ್ಮತ್ತೆ, 'ರಕ್ತ ಬಂದ್ರೆ ಬರ್ಲಿ, ತಳ ಬುಟ್ಕಬಾರ್ದು ಕಣಮ್ಮಿ' ಅನ್ನೋರು. ತಳ ಗಟ್ಟಿ ಇಲ್ದಿದ್ರೆ ಎತ್ತಿದ್ ಚೀಲ ಬಿಚ್ಕಂಡು ಸೊಪ್ಪೆಲ್ಲ ನೆಲ ಪಾಲು," ಎನ್ನುತ್ತಾರೆ ಅವರು. ಈಗ ಹರಾಜಿನ ಕಾಲದಲ್ಲಿ ದಿನಕ್ಕೆ ನಲವತ್ತು ಚೀಲ ಹೊಲಿಯುತ್ತಾರೆ. ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಬೆಳಿಗ್ಗೆ ಏಳಕ್ಕೆ ಕುಳಿತರೆ ಸಂಜೆ ಮಡಿಕೇರಿ ಕಡೆಯ ಬಸ್ಸುಗಳು ದೀಪ ಹಾಕಿಕೊಂಡು ಬರುವವರೆಗೆ ಏಳುವುದಿಲ್ಲ. ಬೆನ್ನು ನೋವು, ಗೋಣಿಯ ಧೂಳಿಗೆ ಕೆಮ್ಮು, ಎಡಗೈ ಹೆಬ್ಬೆರಳಿನಲ್ಲಿ ಸ್ಪರ್ಶವೇ ಇಲ್ಲ. ಇವನ್ನೆಲ್ಲ ಅವರು ದೂರಿನಂತೆ ಹೇಳುವುದಿಲ್ಲ, ನೆಂಟರ ಯೋಗಕ್ಷೇಮದಂತೆ ಒಂದೊಂದಾಗಿ ಹೇಳುತ್ತಾರೆ.

ಗಾಳಿಚೀಲದ ಕಥೆ ಶುರುವಾಗುವುದು ನಂಜಣ್ಣನ ಅಕ್ಕನ ಮಗ ಶಿವಶಂಕರನಿಂದ. ಹೊಸ ಅಗ್ರಹಾರದ ಈ ಹುಡುಗ ವೈರಿಂಗ್ ಕೆಲಸ ಕಲಿತು, ತೊಂಬತ್ತಮೂರರಲ್ಲಿ ಒಬ್ಬ ಗುತ್ತಿಗೆದಾರನ ಜೊತೆ ಘಟ್ಟ ಇಳಿದು, ರನ್‌ವೇ ದೀಪ ನೋಡಿಕೊಳ್ಳುವ ಕೆಲಸಕ್ಕೆ ಅಲ್ಲೇ ನಿಂತ. ಈಗ ಮೂವತ್ತೆಂಟಾಗಿದೆ. ಆಗ ಗಾಳಿಚೀಲ ಬೊಂಬಾಯಿಯಿಂದ ಬರಬೇಕಿತ್ತು. ಬರೆದು ಹಾಕಿದರೆ ನಾಲ್ಕು ತಿಂಗಳು, ಬಂದದ್ದು ಒಂದೇ ಮಳೆಗಾಲಕ್ಕೆ ಚಿಂದಿ. ಇಲ್ಲೇ ಯಾರಾದರೂ ಹೊಲಿಯುವವರಿದ್ದಾರೆಯೇ ಎಂದು ಅಂದಿನ ಎಂಜಿನಿಯರ್ ಕೇಳಿದಾಗ ಶಿವಶಂಕರನಿಗೆ ಸೋದರತ್ತೆಯ ದಬ್ಬಳ ನೆನಪಾಯಿತು. ಒಂದು ಹಾಳೆಯಲ್ಲಿ ಚಿತ್ರ ಬರೆದು, ಅಳತೆ ಗುರುತು ಹಾಕಿ, ಪ್ಯಾರಾಚೂಟ್ ಬಟ್ಟೆಯ ಗಂಟಿನ ಜೊತೆ ಬಸ್ಸಿನಲ್ಲಿ ಕಳಿಸಿದ. ಬಾಯಿ ಅಗಲ, ಬಾಲ ಕಿರಿದು, ಐದು ಪಟ್ಟೆ, ಮೊದಲನೆಯದೂ ಕೊನೆಯದೂ ಕಿತ್ತಳೆ.

ಜಯಲಕ್ಷ್ಮಮ್ಮ ನಾಲ್ಕು ದಿನ ಕುಳಿತು ಹೊಲಿದರು. ಅಳತೆ ಒಂದು ಬೆರಳೂ ತಪ್ಪಲಿಲ್ಲ. ಹೊಲಿಗೆ ಎಳೆದರೆ ಬಟ್ಟೆ ಹರಿಯಬೇಕೇ ಹೊರತು ದಾರ ಬಿಚ್ಚಬಾರದು, ಅಷ್ಟು ಗಟ್ಟಿ. ಕೊನೆಗೆ ಬಾಲದ ತುದಿಗೆ ಅದೇ ಬಟ್ಟೆಯ ಒಂದು ಗುಂಡು ತುಂಡು ಕತ್ತರಿಸಿ, ಎರಡು ಸುತ್ತು ಹೊಲಿಗೆ ಹಾಕಿ, ಅತ್ತೆ ಕಲಿಸಿದ ಹಾಗೆ ತಳ ಮುಚ್ಚಿದರು.

"ಚೀಲ ಅಂದ್ಮೇಲೆ ತಳ ಬ್ಯಾಡ್ವಾ ಸಾರ್?" ಇವತ್ತಿಗೂ ಅವರು ನ್ಯಾಯ ಕೇಳುವವರಂತೆ ಕೇಳುತ್ತಾರೆ. "ಚಿತ್ರದಲ್ಲಿ ಕೊನೇಲಿ ಒಂದ್ ಗೀಟ್ ಎಳ್ದಿದ್ದ. ನಾನು, ಓ, ಇದೇ ತಳ ಅನ್ಕಂಡೆ. ಹುಟ್ದಾಗಿಂದ ಒಂದೂ ತಳ ಇಲ್ಲದ್ ಚೀಲ ಒಲಿದಿರ್ನಿಲ್ಲ ನಾನು."

ಅಲ್ಲಿ ಅದನ್ನು ಕಂಬಕ್ಕೆ ಏರಿಸಿದರು. ಹೊಕ್ಕ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಹೊಸದಾಗಿ ಕಟ್ಟಿದ ಹೋರಿಯಂತೆ ಚೀಲ ಎಡಕ್ಕೂ ಬಲಕ್ಕೂ ಒದ್ದಾಡಿತು, ಸಣ್ಣ ಗಾಳಿಗೂ ಬಿರುಗಾಳಿ ಬಂದಂತೆ ನೆಟ್ಟಗಾಯಿತು. ಆ ಹೊತ್ತಿಗೆ ಯಾವ ವಿಮಾನವೂ ಬರುವುದಿರಲಿಲ್ಲ. ಅರ್ಧ ಗಂಟೆಯಲ್ಲಿ ಇಳಿಸಿದರು. ಶಿವಶಂಕರ ಚೀಲ ಹಿಡಿದು ಊರಿಗೆ ಬಂದು, ತಳ ಯಾಕಿರಬಾರದೆಂದು ವಿವರಿಸಿದ. ನಂಜಣ್ಣ ಹೊಟ್ಟೆ ಹಿಡಿದು ನಕ್ಕರು. ಜಯಲಕ್ಷ್ಮಮ್ಮ ನಗಲಿಲ್ಲ.

"ಹೊಗೆಸೊಪ್ಪಿನ್ ಚೀಲ ಕಿತ್ತೋದ್ರೆ ಸೊಪ್ಪು ಚೆಲ್ತದೆ, ಎತ್ಕಬೌದು. ಇದು ತಪ್ ಹೇಳ್ಬುಟ್ರೆ? ಒಳಗ್ ಕೂತೋರು ನೂರಿನ್ನೂರ್ ಜನ, ಎಲ್ಲಾ ಮಕ್ಕಳೊಂದಿಗ್ರು. ಎರಡ್ ದಿನ ಗಂಟ್ಲಲ್ಲಿ ಮುದ್ದೆ ಇಳೀನಿಲ್ಲ ಸಾರ್ ನಂಗೆ." ಇದನ್ನು ಹೇಳುವಾಗ ಅವರ ದನಿ ಸಣ್ಣದಾಗುತ್ತದೆ. ಬಿಚ್ಚಿ ತೆಗೆದ ಆ ತಳದ ಗುಂಡು ತುಂಡನ್ನು ಅವರು ಎಸೆದಿಲ್ಲ. ಶೆಡ್ಡಿನಲ್ಲಿ ಹೊಲಿಗೆ ಮಿಷನ್ನಿನ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ.

ಅಂದಿನಿಂದ ಶುರುವಾದದ್ದು ಕೆರೆ ಏರಿಯ ಈ ಮುಂಜಾವಿನ ಪರೀಕ್ಷೆ. ಗಳದ ತುದಿಗೆ ಹಳೇ ಸೈಕಲ್ಲಿನ ಚಕ್ರದ ನಡುವಿನ ಗುಂಬ ಕೂರಿಸಿದವರು ನಂಜಣ್ಣ; ಚೀಲ ಸುತ್ತಲೂ ಸಲೀಸಾಗಿ ತಿರುಗಬೇಕಲ್ಲ. ಮುಂಜಾನೆಯೇ ಯಾಕೆ ಎಂದು ಕೇಳಿದೆ. ಕಣದಲ್ಲಿ ರಾಗಿ ತೂರಿದ ಹೆಂಗಸಿನ ಉತ್ತರ ಬಂತು. "ಮಧ್ಯಾನದ್ ಜೋರ್ ಗಾಳಿಗೆ ಗೋಣಿನೂ ಏಳ್ತದೆ. ಒತ್ತಾರೆ ಗಾಳಿ ಇದ್ಯೋ ಇಲ್ವೋ ಅನ್ನಂಗಿರ್ತದಲ್ಲ, ಅದ್ಕೆ ಎದ್ದರೆ ಅದು ಸರಿಯಾದ್ ಒಲಿಗೆ." ಒಣಗಿದ ಚೀಲ ಗೆದ್ದ ಮೇಲೆ ಕೆರೆ ನೀರಿನಲ್ಲಿ ಅದ್ದಿ ಮತ್ತೆ ಏರಿಸುತ್ತಾರೆ. ಒದ್ದೆಯಲ್ಲೂ ಎದ್ದರೆ ಮಾತ್ರ ಬಾಯಿಯ ಮಡಿಕೆಯೊಳಗೆ ಕಪ್ಪು ದಾರದಲ್ಲಿ ಮೂರು ಸಣ್ಣ ಇಂಟು ಗುರುತು ಬೀಳುತ್ತವೆ. ಹೀಗೆ ಗುರುತು ಬಿದ್ದು ಹೋದದ್ದು ಇದುವರೆಗೆ ನೂರಾ ಹದಿಮೂರು.

ಈ ಹನ್ನೆರಡು ವರ್ಷಗಳಲ್ಲಿ ಅಲ್ಲಿನ ನಿಲ್ದಾಣ ಬೆಳೆದ ಪರಿಯನ್ನು ಶಿವಶಂಕರ ಫೋನಿನಲ್ಲಿ ನನಗೆ ವರ್ಣಿಸಿದರು. "ನಾನ್ ಬಂದಾಗ ದಿನಕ್ಕೆ ಎರಡೇ ಫ್ಲೈಟು ಸಾರ್. ಅದು ಬಂದಾಗ ಗುಡ್ಡದ ಕೆಳಗಿನ ಜನ ಹೊಲದಲ್ಲಿ ಕೆಲ್ಸ ನಿಲ್ಸಿ ನೋಡೋರು. ಈಗ ದಿನಕ್ಕೆ ಇಪ್ಪತ್ತೆಂಟು. ಗಲ್ಫಿಗೆ ಹೋಗೋನು ಒಬ್ಬ, ಕಳಿಸೋಕೆ ಬರೋರು ಮೂರು ಜೀಪು. ರನ್‌ವೇ ಉದ್ದ ಮಾಡೋಕೆ ಪಕ್ಕದ ಗುಡ್ಡನೂ ಇಳಿಸಿದ್ರು." ಒಂದೇ ಇದ್ದ ಗಾಳಿಚೀಲದ ಕಂಬ ಎರಡಾಯಿತು, ಈಗ ಮೂರು. ಗಾಳಿ ಅಳೆಯುವ ಯಂತ್ರಗಳೂ ಬಂದಿವೆ. ಹಾಗಾದರೆ ಚೀಲ ಇನ್ನೂ ಯಾಕೆ ಬೇಕು ಎಂದು ಕೇಳಿದೆ. "ಯಂತ್ರ ನಂಬರ್ ಹೇಳ್ತದೆ ಸಾರ್. ಆದ್ರೂ ಇಳಿಯೋ ಮುಂಚೆ ಪೈಲಟ್ ಕಣ್ಣು ಒಂದ್ಸಲ ಚೀಲದ ಕಡೆ ಹೋಗೇ ಹೋಗ್ತದೆ," ಎಂದರು.

ಜಯಲಕ್ಷ್ಮಮ್ಮ ಅದನ್ನೆಲ್ಲ ನೋಡಿಲ್ಲ. ಆ ನಿಲ್ದಾಣಕ್ಕೆ ಒಮ್ಮೆಯೂ ಹೋಗಿಲ್ಲ. ಹರಾಜಿನ ಕಾಲ ಮುಗಿಯಲಿ ಎನ್ನುತ್ತಾರೆ, ಅಷ್ಟರಲ್ಲಿ ಸಸಿಮಡಿಯ ಕಾಲ ಬಂದಿರುತ್ತದೆ. ಅವರ ಪಾಲಿಗೆ ನಿಲ್ದಾಣವೆಂದರೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕುಟ್ಟದ ಮೇಲೆ ಕೇರಳಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವ ಒಂದು ಗಂಟು. ಆದರೂ ಸುಮ್ಮನೆ ಕುಳಿತಾಗ ಅವರ ಮನಸ್ಸು ಆ ಕಂಬದ ಹತ್ತಿರವೇ ಸುಳಿಯುತ್ತಿರುತ್ತದೆ ಎಂದು ನನಗೆ ಅನ್ನಿಸಿದ್ದಿದೆ. ಶೆಡ್ಡಿನ ಬಾಗಿಲಲ್ಲಿ ಸಣ್ಣ ಗಾಳಿ ಸುಳಿದರೂ ಸಾಕು, ಹೊಲಿಯುವ ಕೈ ನಿಲ್ಲುತ್ತದೆ. "ಅಲ್ಲೂ ಇದೇ ಬೀಸ್ತಾ ಇದ್ದದೇನೋ," ಎನ್ನುತ್ತಾರೆ, ಯಾರಿಗೂ ಅಲ್ಲ.

ಎರಡು ಸಾವಿರದ ಆರರಲ್ಲಿ ಆ ನಿಲ್ದಾಣಕ್ಕೆ ಅಂತರರಾಷ್ಟ್ರೀಯ ಎಂಬ ಪಟ್ಟ ಬಂತು. ಪಟ್ಟದ ಹಿಂದೆ ಹೊಸ ಫೈಲುಗಳು ಬಂದವು. ರನ್‌ವೇ ಸಾಮಾನೆಲ್ಲ ಪ್ರಮಾಣಪತ್ರವಿರುವ ಕಂಪನಿಯಿಂದಲೇ ಬರಬೇಕೆಂದು ಒಂದು ಫೈಲು ಹೇಳಿತು. ಹೊಸ ಎಂಜಿನಿಯರ್ ನ್ಯಾಯವಂತ. ಮಳೆಗಾಲಕ್ಕೆ ಒಂದು ಕಂಬಕ್ಕೆ ಕಂಪನಿಯ ಚೀಲ, ಪೂರ್ವದ ತುದಿಯ ಹಳೇ ಕಂಬಕ್ಕೆ ಕಂಪಲಾಪುರದ ಚೀಲ ಕಟ್ಟಿ ನೋಡೋಣ ಎಂದರು. ಗೆಲ್ಲದಿದ್ದರೆ ಜಯಲಕ್ಷ್ಮಮ್ಮನ ಕೆಲಸ ಅಲ್ಲಿಗೆ ನಿಂತಂತೆ.

"ಜೀವ್ನಕ್ಕೆ ಗೋಣಿಚೀಲ ಅದೆ, ಅದ್ಕಲ್ಲ," ಎನ್ನುತ್ತಾರೆ ಅವರು. "ಗೋಣಿಚೀಲನ ಯಾರ್ ನೋಡ್ತಾರೆ? ಸೊಪ್ಪು ತಗಂಡು ಚೀಲ ಬಿಸಾಕ್ತಾರೆ. ನಾನ್ ಒಲಿದಿದ್ರಲ್ಲಿ ಜನ ಕತ್ತೆತ್ತಿ ನೋಡಾದು ಇದೊಂದೇ ಕಣ್ರೀ."

ಜೂನ್ ಹನ್ನೆರಡಕ್ಕೆ ಎರಡೂ ಚೀಲಗಳು ಕಂಬ ಏರಿದವು. ಪ್ರತಿ ಭಾನುವಾರ ಹತ್ತು ಗಂಟೆಗೆ ಜಯಲಕ್ಷ್ಮಮ್ಮ ತಲೆ ಬಾಚಿಕೊಂಡು ಊರಿನ ಯತೀಶನ ಅಂಗಡಿಯ ಫೋನಿನ ಮುಂದೆ ನಿಲ್ಲುತ್ತಿದ್ದರಂತೆ. "ಇನ್ನೂ ಅದೆ ಅತ್ತೆ," ಎನ್ನುತ್ತಿದ್ದರು ಶಿವಶಂಕರ. ಅಷ್ಟೇ ಮಾತು. ಅಷ್ಟಕ್ಕೇ ವಾರವಿಡೀ ಅವರ ನಡಿಗೆ ಹಗುರವಾಗಿರುತ್ತಿತ್ತೆಂದು ನಂಜಣ್ಣ ಹೇಳುತ್ತಾರೆ. ಒಂಬತ್ತನೇ ವಾರ ಕಂಪನಿಯ ಚೀಲದ ಬಾಲ ಹರಿದು ಅದನ್ನು ಬದಲಾಯಿಸಿದರು. ಕಂಪಲಾಪುರದ್ದು ತೊಂಬತ್ತೆರಡು ದಿನ ನಿಂತಿತು. ಆಮೇಲೆ ಇಳಿಸಿ, ನೋಡಿ, ಚೆನ್ನಾಗಿದೆ ಎಂದು ಬರೆದುಕೊಂಡು, ನೆನಪಿಗೆ ಇಟ್ಟುಕೊಳ್ಳಲಿ ಎಂದು ಆಕೆಗೇ ವಾಪಸು ಕಳಿಸಿದರು.

ನಾನು ಹೋದ ದಿನ ಆ ಗಂಟು ಬಂದು ಒಂದು ರಾತ್ರಿ ಕಳೆದಿತ್ತಷ್ಟೆ. ಏರಿಯಿಂದ ಮರಳಿದ ಮೇಲೆ ಶೆಡ್ಡಿನ ನೆಲದ ಮೇಲೆ ಅದನ್ನು ಬಿಚ್ಚಿ ಹಾಸಿದರು. ಬದುಕು ಮುಗಿಸಿದ ಚೀಲವೊಂದು ಅವರ ಕಣ್ಣಿಗೆ ಬಿದ್ದದ್ದು ಇದೇ ಮೊದಲು. ಕಿತ್ತಳೆ ಬಣ್ಣ ತಿಳಿ ಸಾರಿನ ಬಣ್ಣಕ್ಕೆ ಇಳಿದಿದೆ. ಬಾಲದ ಅಂಚು ಗಾಳಿಗೆ ಅಲುಗಿ ಅಲುಗಿ ಗೆಜ್ಜೆವಸ್ತ್ರದಂತಾಗಿದೆ. ಜಯಲಕ್ಷ್ಮಮ್ಮ ಮೂರು ಇಂಟು ಗುರುತನ್ನು ಹುಡುಕಿ ಮುಟ್ಟಿದರು. ಆಮೇಲೆ ಪಟ್ಟೆ ಪಟ್ಟೆಯಾಗಿ ಹೊಲಿಗೆಯ ಮೇಲೆ ಬಲಗೈ ಹೆಬ್ಬೆರಳು ಓಡಿಸುತ್ತಾ ಹೋದರು. ನಾಲ್ಕನೇ ಪಟ್ಟೆಯಲ್ಲಿ ಕೈ ನಿಂತಿತು.

ಒಳಮಡಿಕೆಯಲ್ಲಿ ಎರಡು ಅಂಗುಲ ಉದ್ದಕ್ಕೆ ದಾರ ಸುಣ್ಣದಂತೆ ಪುಡಿಯಾಗಿತ್ತು. ಹೊರಗಿನಿಂದ ಏನೂ ಕಾಣದು. ಅಲ್ಲಿನವರಿಗೂ ಕಂಡಿರಲಿಲ್ಲ. ಜಯಲಕ್ಷ್ಮಮ್ಮ ಎದುರು ಗೋಡೆಯಲ್ಲಿ ತೂಗುತ್ತಿದ್ದ ಆ ಗುಂಡು ತುಂಡನ್ನು ಒಮ್ಮೆ ನೋಡಿದರು. "ಇನ್ನೊಂದ್ ವಾರ ಇದ್ದಿದ್ರೆ ಬಿಚ್ಕಳದು," ಎಂದರು ಕೊನೆಗೆ. ಎದ್ದು ಸೀದಾ ಯತೀಶನ ಅಂಗಡಿಗೆ ಹೊರಟರು. ಅವತ್ತು ಗುರುವಾರ.

ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಾನು ಕೇಳಿಸಿಕೊಂಡದ್ದು ಒಂದು ಕಡೆಯ ಮಾತು ಮಾತ್ರ. "ಶಂಕ್ರಾ, ನಾಕ್ನೇ ಪಟ್ಟೇಲಿ ದಾರ ಓಗ್ಯದೆ ಕಣಪ್ಪ. ಎಂಜಿನಿಯರ್ರಿಗೆ ಹೇಳ್ಬುಡು. ...ಯಾರೂ ನೋಡ್ನಿಲ್ಲ ಅಂದ್ರೆ? ನಾನ್ ನೋಡ್ದೆನಲ್ಲ. ...ಓದ್ರೆ ಓಗ್ಲಿ ಕಣೋ, ನಮ್ ಕೆಲ್ಸ ಓದ್ರೆ ಓಗ್ಲಿ. ಎಂಬತ್ ದಿನಕ್ಕಿಂತ ಜಾಸ್ತಿ ಮ್ಯಾಲೆ ಬುಡ್ಬಾರ್ದು, ಯಾರ್ ಒಲ್ದಿದ್ದಾದ್ರೂ ಬುಡ್ಬಾರ್ದು ಅಂತ ಹೇಳು." ಫೋನಿಟ್ಟು ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಕಣ್ಣೂ ನೆಟ್ಟಗಿರಲಿಲ್ಲ. ದಾರಿಯುದ್ದಕ್ಕೂ ಇಬ್ಬರೂ ಮಳೆ ಬೆಳೆಯ ವಿಷಯ ಮಾತಾಡಿದೆವು.

ಜನವರಿಯ ಎರಡನೇ ವಾರ ಮತ್ತೆ ಹೋದೆ. ಕಣದಲ್ಲಿ ರಾಗಿ ತೂರುತ್ತಿದ್ದಾರೆ. ಕಣದ ಮೂಲೆಯಲ್ಲಿ ಅದೇ ಬಿದಿರು ಗಳ, ಗಳದ ತುದಿಯಲ್ಲಿ ತೊಂಬತ್ತೆರಡು ದಿನ ವಿಮಾನಗಳನ್ನು ಇಳಿಸಿ ಬಂದ ಆ ಮಾಸಿದ ಚೀಲ, ನಾಲ್ಕನೇ ಪಟ್ಟೆಗೆ ಹೊಸ ದಾರ. ಅಕ್ಕಪಕ್ಕದ ಕಣದವರೂ ಮೊರ ಎತ್ತುವ ಮುಂಚೆ ಅದರ ಕಡೆ ನೋಡುತ್ತಾರೆ. ಸಂಕ್ರಾಂತಿಗೆಂದು ಹೊಸ ಅಗ್ರಹಾರಕ್ಕೆ ಬಂದ ಶಿವಶಂಕರ ಕಾಗದವೊಂದನ್ನು ಕೈಯಲ್ಲೇ ಹಿಡಿದು ತಂದಿದ್ದಾರೆ. ಇಂಗ್ಲಿಷಿನಲ್ಲಿದ್ದ ಅದನ್ನು ಕನ್ನಡ ಮಾಡಿ ಅತ್ತೆಗೆ ಮೂರನೇ ಸಲ ಓದಿ ಹೇಳುತ್ತಿದ್ದಾರೆ.

ಕಾಗದದಲ್ಲಿ ಎರಡು ಮಾತಿವೆ. ರಾತ್ರಿ ಹೊತ್ತು ಬೆಳಗುವ ಎರಡು ಹೊಸ ಕಂಬಗಳ ಚೀಲ, ಫೈಲು ಹೇಳಿದಂತೆ, ಇನ್ನು ಮುಂದೆ ಕಂಪನಿಯದು. ಪೂರ್ವದ ತುದಿಯ ಹಳೇ ಕಂಬದ್ದು ಜಯಲಕ್ಷ್ಮಮ್ಮನದೇ. ಎರಡನೆಯದು, ಚೀಲ ಎಲ್ಲಿಂದಲೇ ಬಂದಿರಲಿ, ನೋಡಲು ಎಷ್ಟೇ ಚೆನ್ನಾಗಿರಲಿ, ಎಂಬತ್ತನೇ ದಿನ ಇಳಿಸತಕ್ಕದ್ದು. ಇದು ಈಗ ನಿಲ್ದಾಣದ ನಿಯಮ. ನಿಯಮದಲ್ಲಿ ಯಾರ ಹೆಸರೂ ಇಲ್ಲ.

"ಮೂರ್ ಕಂಬದಲ್ಲಿ ಒಂದೇ ಉಳೀತಲ್ಲ ಅತ್ತೆ," ಎಂದು ಶಿವಶಂಕರ ಪೇಚಾಡುತ್ತಾರೆ.

"ಮೂರ್ಕೂ ಎಂಬತ್ ದಿನ ತಾನೆ?" ಎಂದು ಆಕೆ ಖಾತ್ರಿ ಮಾಡಿಕೊಳ್ಳುತ್ತಾರೆ. ಹೌದೆಂದ ಮೇಲೆ ಕಾಗದ ಮಡಿಚಿ ನಂಜಣ್ಣನ ಜೇಬಿಗೆ, ಬೀಡಿ ಕಟ್ಟಿನ ಪಕ್ಕಕ್ಕೆ, ತುರುಕುತ್ತಾರೆ. ಹಾಗೆ ತುರುಕುವಾಗ ಆ ಮುಖದಲ್ಲಿದ್ದದ್ದು ಸಂತೋಷವೇ.

ಈ ಸಲವಾದರೂ ಹೋಗಿ ವಿಮಾನ ನೋಡಿ ಬರುವ ಆಸೆ ಇಲ್ಲವೇ ಎಂದು ನಾನು ಕೇಳುತ್ತೇನೆ. ಜಯಲಕ್ಷ್ಮಮ್ಮ ಮೊರ ತುಂಬಿಕೊಂಡು ತಲೆಯ ಮೇಲಕ್ಕೆ ಎತ್ತುತ್ತಾರೆ. ಗಳದ ಕಡೆ ನೋಡುತ್ತಾರೆ. ಮೊದಲ ಪಟ್ಟೆ ಏಳುತ್ತದೆ, ಆಮೇಲೆ ಎರಡನೆಯದು. ಮೊರ ಬಾಗಿಸಿದಾಗ ಹೊಟ್ಟು ಒಂದು ಕಡೆಗೆ ಹಾರಿ, ರಾಗಿ ಕಾಲ ಬಳಿ ಇಳಿಯುತ್ತದೆ.

"ಇಮಾನ ಏನ್ ನೋಡಾದು ಬುಡಿ ಸಾರ್, ದಿನಾ ತಲೆ ಮ್ಯಾಲೆ ಓಯ್ತವೆ. ಇಳಿಯಾಕ್ ಮುಂಚೆ ಅದು ನಮ್ ಚೀಲದ್ ಕಡೆ ಒಂದ್ ಸಲ ನೋಡ್ತದಂತಲ್ಲ, ಅದ ನಾನ್ ನೋಡ್ಬೇಕು."